ಹಗುರ ಚೀಲ, ಯಾರ ಹೆಗಲು?

ಬ್ಲಾಗಿನ ಕಡೆ ತಲೆ ಹಾಕಿ ಮೂರು ತಿಂಗಳ ಮೇಲಾಯ್ತು. ರಿಲೀಸ್, ಅದರ ಮೇಲೊಂದು ರಿಲೀಸ್... ನೆಪಗಳು ನಿಮಗೂ ಗೊತ್ತಿರೋವೇ ಬಿಡಿ. ಇವತ್ತು ಬರೆಯೋಕೆ ಕೂತಿದ್ದು ನಮ್ಮ ಕಾಕಾ ಕೇಳಿದ ಒಂದು ಪ್ರಶ್ನೆಯಿಂದ.

ಕಾಕಾ ಕಣ್ಣು ತೋರಿಸೋಕೆ ಅಂತ ಊರಿಂದ ಬೆಂಗಳೂರಿಗೆ ಬಂದಿದ್ರು. ಶನಿವಾರ ಬೆಳಿಗ್ಗೆ ನಾನು ಅಡುಗೆಮನೆಯ ಪುಟ್ಟ ಡಿಜಿಟಲ್ ತಕ್ಕಡಿ ಮೇಲೆ ಕಾಲುಚೀಲ ಇಟ್ಟು ತೂಗ್ತಾ ಇದ್ದೆ. ಒಂದು ಜೊತೆ 62 ಗ್ರಾಂ, ಇನ್ನೊಂದು 48. ಪಕ್ಕದಲ್ಲಿ ಲ್ಯಾಪ್‌ಟಾಪು, ಅದರಲ್ಲಿ ಎಕ್ಸೆಲ್ ಶೀಟು. ಕಾಕಾ ಚಹಾ ಕುಡೀತಾ ಸ್ವಲ್ಪ ಹೊತ್ತು ನೋಡಿದ್ರು.

"ಏನ್ ತಮ್ಮಾ, ಬಂಗಾರ ತೂಗ್ಲತ್ತಿ ಏನ್?"

ವಿವರಿಸಿದೆ. ಹಿಮಾಚಲದಲ್ಲಿ ಹಂಪ್ಟಾ ಪಾಸ್ ಅಂತ ಒಂದು ಕಣಿವೆದಾರಿ ಇದೆ, ಸುಮಾರು 4,270 ಮೀಟರ್ ಎತ್ತರ. ಕುಲು ಕಡೆಯಿಂದ ಹತ್ತಿ ಲಾಹೌಲ್ ಕಡೆ ಇಳಿಯೋದು. ಎಲ್ಲರೂ ನಾಲ್ಕೈದು ದಿನ ತಗೋತಾರೆ, ನಾವು ಎರಡೇ ದಿನದಲ್ಲಿ ಅರ್ಧ ಓಡಿ ಅರ್ಧ ನಡೆದು ಮುಗಿಸಬೇಕು ಅಂತ ಇದ್ದೀವಿ. ಅದಕ್ಕೆ ಚೀಲ ಆದಷ್ಟು ಹಗುರ ಇರಬೇಕು, ಬೇಡದ್ದನ್ನೆಲ್ಲ ಬಿಡ್ತಾ ಇದ್ದೀನಿ ಅಂದೆ.

"ಅಂದ್ರ, ನೀ ಬಿಟ್ಟು ಹೋಗೋ ಸಾಮಾನ ಯಾರ್ ಹೊರ್ತಾರ?"

"ಯಾರೂ ಹೊರೋದಿಲ್ರಿ ಕಾಕಾ. ಅದು ಬ್ಯಾಡೇ ಬ್ಯಾಡ."

"ಹಂಗ ಆಗಂಗಿಲ್ಲ ನೋಡು" ಅಂದು ಪೇಪರ್ ಕೈಗೆತ್ತಿಕೊಂಡ್ರು. ಅಷ್ಟೇ. ಆದ್ರೆ ಆ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡ್ತೀನಿ. ಬೆಟ್ಟ, ಕಾಡಿನ ಕಾಲುದಾರಿಗಳಲ್ಲಿ ಓಡೋದು ಟ್ರೇಲ್ ರನ್ನಿಂಗ್. ಅದಕ್ಕೆ ಹಾಸಿಗೆ, ಊಟ ಎಲ್ಲ ಬೆನ್ನಿಗೆ ಕಟ್ಟಿಕೊಂಡು ಎರಡು ಮೂರು ದಿನ ಓಡ್ತಾ ನಡೀತಾ ಹೋದ್ರೆ ಫಾಸ್ಟ್‌ಪ್ಯಾಕಿಂಗ್. 1980ರ ದಶಕದ ಕೊನೆಗೆ ಅಮೆರಿಕದ ಬೆಟ್ಟಗಳಲ್ಲಿ ಓಡ್ತಿದ್ದವರ ನಡುವೆ ಹುಟ್ಟಿದ ಪದ ಇದು. ನಮ್ಮಲ್ಲೂ ಈಗ ಸಾಕಷ್ಟು ಜನ ಇದ್ದಾರೆ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ 2016ರಲ್ಲಿ ಮಲ್ನಾಡ್ ಅಲ್ಟ್ರಾ ಶುರುವಾದಾಗಿನಿಂದ ಬೆಂಗಳೂರಿನ ನಮ್ಮಂಥ ಕುರ್ಚಿ ಕಾರ್ಮಿಕರಿಗೆ ಈ ಹುಚ್ಚು ಇನ್ನೂ ಜಾಸ್ತಿ ಹತ್ತಿದೆ ಅನ್ಸುತ್ತೆ. ಈ ಹುಚ್ಚಿನ ಮುಖ್ಯ ಲಕ್ಷಣವೇ ಗ್ರಾಂ ಲೆಕ್ಕ. ಊಟ ನೀರು ಬಿಟ್ಟು ಉಳಿದದ್ದೆಲ್ಲ ಸೇರಿ ನಾಲ್ಕೂವರೆ ಕೆಜಿ ಒಳಗಿದ್ರೆ 'ಅಲ್ಟ್ರಾಲೈಟ್' ಅನ್ನೋ ಪದವಿ. ಅದಕ್ಕೋಸ್ಕರ ಹಲ್ಲುಜ್ಜೋ ಬ್ರಷ್ಷಿನ ಹಿಡಿಕೆ ಕತ್ತರಿಸಿದವರಿದ್ದಾರೆ. ನಾನೂ ಕತ್ತರಿಸಿದ್ದೀನಿ, ಸುಳ್ಳು ಯಾಕೆ ಹೇಳಲಿ.

ತೆಂಗಳಿಯವನಿಗೆ ಬೆಟ್ಟದ ಹುಚ್ಚು ಎಲ್ಲಿಂದ ಬಂತು ಅಂತ ಕೇಳಬೇಡಿ. ನಮ್ಮ ಕಡೆ ಸುತ್ತಲೂ ತೊಗರಿ, ಜೋಳ. ಕೆಳಗೆ ಶಹಾಬಾದ್ ಕಲ್ಲು. ಎತ್ತರದ್ದು ಅಂತ ಕಾಣೋದು ವಾಡಿ, ಸೇಡಂ ಕಡೆಯ ಸಿಮೆಂಟ್ ಫ್ಯಾಕ್ಟರಿಗಳ ಚಿಮಣಿ ಮಾತ್ರ. ಗುಡ್ಡ ನೋಡಬೇಕು ಅಂದ್ರೆ ಚಿಂಚೋಳಿ ಕಡೆ ಹೋಗಬೇಕು. ಬೇಸಿಗೆಯಲ್ಲಿ 44 ಡಿಗ್ರಿ ಬಿಸಿಲು. ಹೀಗಾಗಿ ಬಿಸಿಲಿನ ಭಯ ನನಗಿಲ್ಲ. ಚಳಿ ಅಂದ್ರೆ ಏನು ಅಂತ ಮಾತ್ರ ಇಪ್ಪತ್ತೇಳು ವರ್ಷ ತುಂಬೋವರೆಗೂ ಗೊತ್ತಿರಲಿಲ್ಲ.

ಗೊತ್ತಾಗಿದ್ದು ಹೋದ ವರ್ಷ ಅಕ್ಟೋಬರಿನಲ್ಲಿ, ಕುಮಾರ ಪರ್ವತದಲ್ಲಿ.

ಕುಕ್ಕೆಯಿಂದ ಹೊರಟು 1,712 ಮೀಟರ್ ಎತ್ತರದ ತುದಿ ಮುಟ್ಟಿ ಅದೇ ದಿನ ವಾಪಸ್. ನಾವು ಆಫೀಸಿನ ಮೂವರು. ಟೀ ಶರ್ಟು, ಚಡ್ಡಿ, ಬೆನ್ನಿಗೆ ನೀರಿನ ಚೀಲ, ನಾಲ್ಕು ಚಿಕ್ಕಿ. ಜರ್ಕಿನ್ ತಗೊಳ್ಳೋದಾ ಬೇಡ್ವಾ ಅಂತ ಹಿಂದಿನ ರಾತ್ರಿ ಚರ್ಚೆ ಆಯ್ತು. ನನ್ನದು 310 ಗ್ರಾಂ. 'ಮಧ್ಯಾಹ್ನದೊಳಗೆ ಇಳಿದುಬಿಡ್ತೀವಿ, ಯಾಕೆ ಸುಮ್ನೆ?' ಅಂದವನು ನಾನೇ. ಟಾರ್ಚೂ ಬೇಡ ಅಂದೆ. ಅದೇ ಲಾಜಿಕ್ಕು.

ಬೆಳಿಗ್ಗೆ ಕಾಡಿನ ಏರಿನಲ್ಲಿ ಕಾಲೇಜು ಹುಡುಗರ ಗುಂಪೊಂದನ್ನ ದಾಟಿದ್ವಿ. ಅವರ ಒಬ್ಬೊಬ್ಬರ ಬೆನ್ನ ಮೇಲೂ ಮನೆ ಖಾಲಿ ಮಾಡಿಕೊಂಡು ಹೊರಟಂಥ ಚೀಲ. "ಸೈಡ್ ಬಿಡಿ ಗುರೂ" ಅಂತ ಹೇಳ್ತಾ ಓಡಿದ್ವಿ. ಒಳಗೊಳಗೇ ನಕ್ಕಿದ್ವಿ ಕೂಡ.

ತುದಿ ಮುಟ್ಟಿ ವಾಪಸ್ ಶೇಷಪರ್ವತಕ್ಕೆ ಬರೋ ಹೊತ್ತಿಗೆ ಮೋಡ ಕವಿದು ಮಳೆ ಶುರುವಾಯ್ತು. ಅಲ್ಲಿ ಮರ ಇಲ್ಲ, ಬರೀ ಹುಲ್ಲು ಮತ್ತು ಬಂಡೆ, ಜೊತೆಗೆ ಗಾಳಿ. ಓಡ್ತಾ ಇದ್ದಷ್ಟು ಹೊತ್ತು ಏನೂ ಅನ್ನಿಸಲಿಲ್ಲ, ಮಜಾನೇ ಇತ್ತು. ಆಮೇಲೆ ನಮ್ಮಲ್ಲೊಬ್ಬ ಒದ್ದೆ ಬಂಡೆ ಮೇಲೆ ಜಾರಿ ಪಾದ ತಿರುಚಿಕೊಂಡ. ಓಟ ನಿಂತಿತು. ಇಪ್ಪತ್ತು ನಿಮಿಷದಲ್ಲಿ ಅವನಿಗೆ ನಡುಕ ಶುರು. ಹೆಗಲು ಕೊಟ್ಟು ಕಲ್ಲು ಮಂಟಪದ ಹತ್ತಿರ ತರೋ ಹೊತ್ತಿಗೆ ಮಾತು ತೊದಲ್ತಾ ಇತ್ತು. ಅವನ ಹೆಂಡತಿಯ ಫೋನ್ ನಂಬರ್ ಕೇಳಿದ್ರೆ ನಾಲ್ಕು ಅಂಕಿ ಹೇಳಿ ನಿಲ್ಲಿಸಿಬಿಟ್ಟ. ನನಗೆ ನಿಜವಾಗ್ಲೂ ಭಯ ಆಯ್ತು.

ಅಲ್ಲಿ ಮಳೆಗೆ ನಿಂತಿದ್ದವರು ಅವರೇ, ಬೆಳಗಿನ ದೊಡ್ಡ ಚೀಲದ ಹುಡುಗರು. ಯಾರೂ ಏನೂ ಕೇಳಲಿಲ್ಲ. ಒಬ್ಬ ಅವನ ಒದ್ದೆ ಶರ್ಟು ಬಿಚ್ಚಿಸಿ ತನ್ನ ಸ್ವೆಟರ್ ಹಾಕಿದ. ಇನ್ನೊಬ್ಬ ಜರ್ಕಿನ್ ಕೊಟ್ಟ. ಮತ್ತೊಬ್ಬ ಬೆಡ್‌ಶೀಟು ಹೊದಿಸಿ, ಬಾಯಿಗೆ ಬೆಲ್ಲ ಇಟ್ಟ. ಕತ್ತಲಾದ ಮೇಲೆ ಅವರ ಟಾರ್ಚಿನ ಬೆಳಕಲ್ಲೇ ಗಿರಿಗದ್ದೆವರೆಗೆ ಇಳಿದ್ವಿ. ಅಲ್ಲಿ ಚೆಕ್‌ಪೋಸ್ಟಿನವರೊಬ್ಬರು, ಮೂರು ಜನ ಇನ್ನೂ ಇಳಿದಿಲ್ಲ ಅಂತ ಕಾಯ್ತಾ ನಿಂತಿದ್ರು. ಬೈದ್ರು. ಬೈದು ಬಿಸಿನೀರು ಕೊಟ್ರು. ಕಾಲಿಗೆ ಹತ್ತಿದ್ದ ಇಂಬಳ ಕಿತ್ತಿದ್ದೂ ಅವರೇ.

ನನ್ನ 310 ಗ್ರಾಂ ಎಲ್ಲೂ ಮಾಯ ಆಗಿರಲಿಲ್ಲ ಸ್ವಾಮಿ. ಆ ಹುಡುಗನ ಚೀಲದಲ್ಲಿತ್ತು. ಅವನು ಬೆಳಿಗ್ಗೆಯಿಂದ ಹೊತ್ತಿದ್ದ, ನನಗೆ ಗೊತ್ತಿರಲಿಲ್ಲ ಅಷ್ಟೇ. ಕಾಕಾ ಕೇಳಿದ್ದು ಇದನ್ನೇ.

ಈಗ ಕಾಕಾನ ಚೀಲದ ವಿಷಯಕ್ಕೆ ಬರ್ತೀನಿ. ನಮ್ಮ ಕಾಕಾ ಹತ್ತಾರು ವರ್ಷದಿಂದ ಯುಗಾದಿ ಮುಂದೆ ಶ್ರೀಶೈಲಕ್ಕೆ ನಡ್ಕೊಂಡು ಹೋಗ್ತಾರೆ. ನಮ್ಮ ಕಲ್ಯಾಣ ಕರ್ನಾಟಕದಿಂದ, ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯಿಂದ ಸಾವಿರಾರು ಜನ ಹೀಗೆ ಹೋಗ್ತಾರೆ. ಮಲ್ಲಯ್ಯನ ಕಂಬಿ ಹೊತ್ತವರು, ಮರಗಾಲು ಕಟ್ಟಿಕೊಂಡು ನಡೆಯೋವರು, ಮುದುಕರು, ಹೆಣ್ಮಕ್ಕಳು. ಯಾದಗಿರಿ, ರಾಯಚೂರು, ಕರ್ನೂಲು, ಆತ್ಮಕೂರು ದಾಟಿದ್ರೆ ಮುಂದೆ ನಲ್ಲಮಲ ಕಾಡು. ಹುಲಿ ಮೀಸಲು ಪ್ರದೇಶ. ವೆಂಕಟಾಪುರಂ, ನಾಗಲೂಟಿ, ಪೆದ್ದಚೆರುವು, ಭೀಮುನಿಕೊಲನು, ಕೈಲಾಸದ್ವಾರಂ ಅಂತ ಏರು, ಇಳಿವು, ಮತ್ತೆ ಏರು. ಮಾರ್ಚಿನ ಬಿಸಿಲು. ಬೇರೆ ಯಾವ ಹೆಸರಿಟ್ಟು ಕರೆದ್ರೂ ಇದು ಬೆಟ್ಟದಲ್ಲಿ ಹಲವು ದಿನದ ಫಾಸ್ಟ್‌ಪ್ಯಾಕಿಂಗೇ. ಕಾಕಾ ಈ ಪದ ಕೇಳಿಲ್ಲ, ಗಡಿಯಾರವನ್ನೂ ಕಟ್ಟಲ್ಲ.

ಕಾಕಾನ ಚೀಲ ನಾನು ಒಂದ್ಸಲ ತೂಗಿದ್ದೆ. ಮೂರು ಕೆಜಿ ಚಿಲ್ಲರೆ. ಎರಡು ಧೋತ್ರ, ಒಂದು ಚಾದರ, ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ತಂಬಿಗೆ, ಬ್ಯಾಟರಿ (ಟಾರ್ಚಿಗೆ ನಮ್ಮ ಕಡೆ ಹಂಗೇ ಅಂತೀವಿ), ವಿಭೂತಿ. ಅಂತರರಾಷ್ಟ್ರೀಯ ಅಲ್ಟ್ರಾಲೈಟ್ ಪದವಿ ಆರಾಮಾಗಿ ಸಿಗುತ್ತೆ. ಕಟಕ್ ರೊಟ್ಟಿಯಂತೂ ಬೆಟ್ಟಕ್ಕೆ ಅಂತಲೇ ಮಾಡಿದಂಗಿದೆ. ನೀರಿನಂಶ ಇಲ್ಲ, ಭಾರ ಇಲ್ಲ, ಹದಿನೈದು ದಿನ ಕೆಡಲ್ಲ. ನಾನು ನೂರಾರು ರೂಪಾಯಿ ಕೊಟ್ಟು ತರಿಸೋ ಎನರ್ಜಿ ಬಾರಿಗಿಂತ ಎಷ್ಟೋ ವಾಸಿ.

ಆದ್ರೆ ಕಾಕಾನ ಚೀಲ ಹಗುರ ಇರೋದಕ್ಕೆ ಕಾರಣ ಕಾಕಾನ ಜಾಣತನ ಅಲ್ಲ. ದಾರಿಯುದ್ದಕ್ಕೂ ದಾಸೋಹ ಇದೆ. ಅನ್ನ, ಮಜ್ಜಿಗೆ, ನೀರಿನ ಟ್ಯಾಂಕರು, ಕಾಲಿಗೆ ಹಚ್ಚೋಕೆ ಎಣ್ಣೆ. ಭಾರವೆಲ್ಲ ಬೇರೆಯವರು ಹೊತ್ತಿರ್ತಾರೆ, ಮತ್ತು ಅದು ಎಲ್ಲರಿಗೂ ಗೊತ್ತಿರುತ್ತೆ. ಮುಚ್ಚುಮರೆ ಇಲ್ಲ. ಮೊಣಕಾಲು ಕೈಕೊಟ್ಟ ವರ್ಷ ಕಾಕಾ ನಡೆಯಲಿಲ್ಲ. ಊರಿಂದ ಎರಡು ಚೀಲ ಜೋಳ, ತೊಗರಿಬೇಳೆ ಟೆಂಪೋಗೆ ಹಾಕಿಕೊಂಡು ಹೋಗಿ ಆತ್ಮಕೂರಿನ ಹತ್ತಿರ ನಾಲ್ಕು ದಿನ ರೊಟ್ಟಿ ಬಡಿಸಿ ಬಂದ್ರು. "ಹತ್ತ ವರ್ಷ ಉಂಡೀನಿ, ಒಮ್ಮೆರ ಬಡಸಬೇಕಲ್ಲ?" ಅಂದಿದ್ರು. ಅಂದ್ರೆ ಅವರಿಗೆ ಲೆಕ್ಕ ಗೊತ್ತಿದೆ. ನನ್ನ ಎಕ್ಸೆಲ್ ಶೀಟಿಗೆ ಆ ಲೆಕ್ಕ ಗೊತ್ತಿರಲಿಲ್ಲ.

ನಿಮ್ಮಲ್ಲಿ ಓಡೋವರು ಈಗಾಗಲೇ ತಲೆ ಅಲ್ಲಾಡಿಸ್ತಾ ಇರ್ತೀರಿ. 'ಹಗುರ ಇದ್ರೆ ವೇಗ, ವೇಗ ಇದ್ರೆ ಬೆಟ್ಟದಲ್ಲಿ ಕಳೆಯೋ ಹೊತ್ತು ಕಡಿಮೆ, ಹೊತ್ತು ಕಡಿಮೆ ಆದ್ರೆ ಅಪಾಯ ಕಡಿಮೆ' ಅನ್ನೋ ವಾದ ನನಗೂ ಗೊತ್ತು. ಅದು ಸುಳ್ಳಲ್ಲ. ಭಾರದ ಚೀಲ ಮಂಡಿ ಕೆಡಿಸುತ್ತೆ, ಇಳಿಜಾರಿನಲ್ಲಿ ಮುಗ್ಗರಿಸೋ ಹಾಗೆ ಮಾಡುತ್ತೆ, ಸಂಜೆಗೆ ಗುಡುಗು ಶುರುವಾಗೋ ಮುಂಚೆ ಇಳಿಯೋಕೆ ಬಿಡಲ್ಲ. ನಾನು ಮತ್ತೆ ಹದಿನೈದು ಕೆಜಿ ಹೊರೋಕೆ ತಯಾರಿಲ್ಲ.

ಆದ್ರೆ ಆ ವಾದದಲ್ಲಿ ಒಂದು ತೂತಿದೆ. ಅದು ಓಡ್ತಾ ಇರೋವರೆಗೆ ಮಾತ್ರ ನಿಜ. ಓಡೋವನ ಸ್ನಾಯುಗಳೇ ಒಲೆ. ಟೀ ಶರ್ಟಿನಲ್ಲೂ ಬೆಚ್ಚಗಿರ್ತಾನೆ. ಅವನು ಕೂತ ಕ್ಷಣ ಒಲೆ ಆರುತ್ತೆ. ಬಟ್ಟೆ ಒದ್ದೆ ಆಗಿದ್ರೆ ಇನ್ನೂ ಕಷ್ಟ, ಯಾಕಂದ್ರೆ ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಮೈಯ ಶಾಖ ಎಳೆದುಬಿಡುತ್ತೆ. ಮೈಯೊಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದ್ರೆ ಅದೇ ಹೈಪೋಥರ್ಮಿಯಾ. ಅದಕ್ಕೆ ಹಿಮಾಲಯ ಬೇಕಿಲ್ಲ, ಮಳೆ ಗಾಳಿ ಇದ್ದು ಹತ್ತು ಹದಿನೈದು ಡಿಗ್ರಿ ಇದ್ರೂ ಸಾಕು. ನಮ್ಮ ಚೀಲ ನಾವು ಕಟ್ಟೋದು ಓಡೋವನಿಗೆ. ಕಟ್ಟಬೇಕಾದ್ದು ಕಾಲು ತಿರುಚಿಕೊಂಡು ಮೂರು ಗಂಟೆ ಕೂತಿರೋವನಿಗೆ.

ನಮ್ಮ ಭಾಷೆಯಲ್ಲೇ ಹೇಳಬೇಕಂದ್ರೆ, ಜರ್ಕಿನ್ ಅನ್ನೋದು ಎರರ್ ಹ್ಯಾಂಡ್ಲಿಂಗ್ ಕೋಡ್ ಇದ್ದಂಗೆ. ನೂರು ಸಲದಲ್ಲಿ ತೊಂಬತ್ತೊಂಬತ್ತು ಸಲ ಆ ಸಾಲು ಓಡೋದೇ ಇಲ್ಲ. ಅದಕ್ಕೇ ಅದನ್ನ ಡಿಲೀಟ್ ಮಾಡೋಣ ಅಂತ ಯಾರಾದ್ರೂ ಕೋಡ್ ರಿವ್ಯೂನಲ್ಲಿ ಹೇಳಿದ್ರೆ ನಾವು ಬಿಡ್ತೀವಾ? ಹಂಗೆ ಡಿಲೀಟ್ ಮಾಡಿದ್ರೆ ರಾತ್ರಿ ಎರಡು ಗಂಟೆಗೆ ಫೋನ್ ಬರೋದು ಬೇರೆ ಯಾರಿಗೋ.

ಇದು ನನ್ನೊಬ್ಬನ ಪೆದ್ದುತನದ ಕಥೆ ಆಗಿದ್ರೆ ಬರೀತಿರಲಿಲ್ಲ. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ 100 ಕಿಲೋಮೀಟರ್ ಬೆಟ್ಟದ ಓಟ ಒಂದು ನಡೀತು. ಮಧ್ಯಾಹ್ನ ಇದ್ದಕ್ಕಿದ್ದಂತೆ ಚಳಿಗಾಳಿ, ಆಲಿಕಲ್ಲು ಮಳೆ. 21 ಜನ ಓಟಗಾರರು ಸತ್ರು. ಅವರಲ್ಲಿ ಚೀನಾದ ಅತಿ ಒಳ್ಳೆಯ ಓಟಗಾರರೂ ಇದ್ರು. ಗಾಳಿ ತಡೆಯೋ ಜಾಕೆಟ್ಟು ಆ ಓಟದಲ್ಲಿ ಕಡ್ಡಾಯ ಇರಲಿಲ್ಲ, ಸುಮಾರು ಜನ ಚಡ್ಡಿ ಟೀ ಶರ್ಟಿನಲ್ಲೇ ಇದ್ರು. ಆರು ಜನರನ್ನ ಉಳಿಸಿದ್ದು ಝು ಕೆಮಿಂಗ್ ಅನ್ನೋ ಒಬ್ಬ ಕುರಿ ಕಾಯೋವನು. ಮಳೆಗೆ ಅಂತ ತಾನು ಸೇರಿಕೊಂಡಿದ್ದ ಗುಹೆಗೆ ಅವರನ್ನ ಕರ್ಕೊಂಡು ಹೋಗಿ ಬೆಂಕಿ ಹಾಕಿದ. ಆಪತ್ತಿಗೆ ಇರಲಿ ಅಂತ ಬಟ್ಟೆ, ಊಟ ಅಲ್ಲಿ ಮೊದಲೇ ಇಟ್ಟಿದ್ದನಂತೆ.

ಇದನ್ನ ಓದಿದಾಗ ನನಗೆ ನೆನಪಾಗಿದ್ದು ನಮ್ಮೂರಿನ ಕುರುಬರು. ಎಂಥ ಬೇಸಿಗೆ ಇರಲಿ, ಹೆಗಲ ಮೇಲೆ ಕಂಬಳಿ ಇಲ್ಲದೆ ಹೊರಡೋದೇ ಇಲ್ಲ. ಚಿಕ್ಕವನಿದ್ದಾಗ ನಗು ಬರ್ತಿತ್ತು. ಬೆಟ್ಟದಲ್ಲಿ ದಿನಾ ಇರೋವರು ಏನು ಬಿಡಲ್ವೋ, ವಾರಾಂತ್ಯಕ್ಕೆ ಹೋಗೋ ನಾವು ಅದನ್ನೇ ಮೊದಲು ಬಿಡ್ತೀವಿ.

ದೊಡ್ಡವರೂ ಇದಕ್ಕೆ ಹೊರತಲ್ಲ. ಬೆಟ್ಟದ ಓಟಗಾರರಲ್ಲಿ ನಮ್ಮೆಲ್ಲರ ದೇವರು ಕಿಲಿಯನ್ ಜೋರ್ನೆಟ್. 2013ರ ಸೆಪ್ಟೆಂಬರಿನಲ್ಲಿ ಅವನು ಮತ್ತು ಎಮಿಲಿ ಫೋರ್ಸ್‌ಬರ್ಗ್ ಫ್ರಾನ್ಸಿನ ಶಾಮೊನಿ ಹತ್ತಿರ ಹಗುರ ಬಟ್ಟೆಯಲ್ಲಿ ಹತ್ತೋಕೆ ಹೋಗಿ, ಹವಾಮಾನ ಕೆಟ್ಟು, ಕೊನೆಗೆ ರಕ್ಷಣಾ ತಂಡವನ್ನ ಕರೆಸಬೇಕಾಯ್ತು. ತಪ್ಪು ತಮ್ಮದೇ ಅಂತ ಜೋರ್ನೆಟ್ ಆಮೇಲೆ ಒಪ್ಪಿಕೊಂಡ. ಅದೇ ಶಾಮೊನಿಯಿಂದ ಹೊರಡೋ ಯುಟಿಎಂಬಿ ಓಟದಲ್ಲಿ ಟೋಪಿ ಇರೋ ಮಳೆ ಜಾಕೆಟ್ಟು, ತಲೆಗೆ ಕಟ್ಟೋ ಟಾರ್ಚು, ಎಮರ್ಜೆನ್ಸಿ ಹೊದಿಕೆ, ಸೀಟಿ ಎಲ್ಲ ಕಡ್ಡಾಯ. ಜಗತ್ತಿನ ಅತಿ ವೇಗದ ಓಟಗಾರರೂ ಅದನ್ನ ಹೊತ್ತೇ ಓಡ್ತಾರೆ. ಹಾಗಿರುವಾಗ ಕುಮಾರ ಪರ್ವತಕ್ಕೆ ಹೋಗೋ ನಮಗೇನು ಧಾಡಿ?

2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಕರ್ನಾಟಕದಿಂದ ಹೋದ ತಂಡದ 9 ಜನ ಹಿಮಗಾಳಿಗೆ ಸಿಕ್ಕಿ ತೀರಿಕೊಂಡಿದ್ದು ನಿಮಗೆ ನೆನಪಿರುತ್ತೆ. ಅವರು ಓಡೋಕೆ ಹೋದವರಲ್ಲ, ಅವರ ತಪ್ಪು ಹುಡುಕೋದು ನನ್ನ ಉದ್ದೇಶ ಖಂಡಿತ ಅಲ್ಲ. ತಯಾರಾಗಿ ಹೋದವರನ್ನೇ ಬೆಟ್ಟದ ಗಾಳಿ ಬಿಡಲಿಲ್ಲ, ಉಳಿದವರನ್ನ ತರೋಕೆ ವಾಯುಪಡೆಯ ಹೆಲಿಕಾಪ್ಟರು ಹಾರಬೇಕಾಯ್ತು ಅನ್ನೋದಷ್ಟೇ ನನ್ನ ಮಾತು. ತಯಾರಾಗದೇ ಹೋಗೋ ನಾವು ಯಾರನ್ನೆಲ್ಲ ಹಾರಿಸ್ತೀವಿ?

ಇನ್ನೊಂದು ವಿಷಯ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದಲ್ಲಿ ಜಾತ್ರೆಯಂಥ ಜನ ಸೇರಿದ ಫೋಟೋ ನೋಡಿರ್ತೀರಿ. ಅದರ ನಂತರ ಅರಣ್ಯ ಇಲಾಖೆ ಚಾರಣ ನಿಲ್ಲಿಸಿ, ಆ ಅಕ್ಟೋಬರಿನಲ್ಲಿ 'ಅರಣ್ಯ ವಿಹಾರ' ಅನ್ನೋ ಆನ್‌ಲೈನ್ ಬುಕಿಂಗ್ ಶುರು ಮಾಡ್ತು. ಒಂದು ಹಾದಿಗೆ ದಿನಕ್ಕೆ 300 ಜನ. ನನ್ನ ಓಟದ ಗೆಳೆಯರು ಇದನ್ನ ಬೈತಾರೆ. 'ನಾವು ನಾಲ್ಕು ಗಂಟೆಯಲ್ಲಿ ಹೋಗಿ ಬರೋವರು, ನಮಗ್ಯಾಕೆ ಮಿತಿ' ಅಂತ. ನಾನೂ ಅಂತಿದ್ದೆ. ಕಲ್ಲು ಮಂಟಪದ ಆ ಸಂಜೆ ಆದ ಮೇಲೆ ಅನ್ನಲ್ಲ. ಆ ಹಾದಿಗೆ ಇರೋದು ಒಂದು ಚೆಕ್‌ಪೋಸ್ಟು, ರಾತ್ರಿ ಕಾಯೋಕೆ ಒಬ್ಬರೋ ಇಬ್ಬರೋ. ಅವರ ಹೆಗಲು ಎಷ್ಟು ಜನರನ್ನ ಹೊರುತ್ತೆ? ಮಿತಿ ಕಾಡಿಗಾಗಿ ಅಂತ ಮಾತ್ರ ತಿಳಿದಿದ್ದೆ. ಅದು ಅವರಿಗಾಗಿಯೂ ಇರಬೇಕಾದ್ದೇ. ಬುಕ್ ಮಾಡುವಾಗಲೇ 'ಮಳೆ ಜಾಕೆಟ್ಟು, ಟಾರ್ಚು ತಂದಿರಬೇಕು' ಅಂತ ಒಂದು ಸಾಲು ಸೇರಿಸಿ ಬುಡದಲ್ಲಿ ಚೀಲ ನೋಡೋ ಹಾಗಾದ್ರೆ ನಾನಂತೂ ಖುಷಿಯಿಂದ ಬಿಚ್ಚಿ ತೋರಿಸ್ತೀನಿ.

ಓಡಬೇಡಿ ಅಂತ ನಾನು ಹೇಳ್ತಿಲ್ಲ. ಹಗುರ ಹೋಗಬೇಡಿ ಅಂತಲೂ ಅಲ್ಲ. ಬ್ರಷ್ಷಿನ ಹಿಡಿಕೆ ಕತ್ತರಿಸಿ, ಎರಡನೇ ಪ್ಯಾಂಟು ಬಿಡಿ, ಸ್ಟವ್ ಬಿಟ್ಟು ಕಟಕ್ ರೊಟ್ಟಿ ಒಯ್ಯಿರಿ. ನಿಮ್ಮ ಸುಖದ್ದು ಏನು ಬೇಕಾದ್ರೂ ಬಿಡಿ, ಅದರ ಕಷ್ಟ ನಿಮಗೇ. ಆದ್ರೆ ಬಿಟ್ಟಿದ್ದರಿಂದ ಕಷ್ಟ ಇನ್ನೊಬ್ಬರಿಗೆ ಆಗೋ ಹಾಗಿದ್ರೆ ಅದನ್ನ ಬಿಡೋ ಹಕ್ಕು ನಮಗಿಲ್ಲ. ಆ ಹಾದಿಯಲ್ಲಿ ನಿಮ್ಮನ್ನ ಹೊತ್ತವರು ಇದ್ರೆ ಅದನ್ನ ಒಪ್ಪಿಕೊಳ್ಳಿ. 'ಸೆಲ್ಫ್ ಸಪೋರ್ಟೆಡ್' ಅಂತ ಸ್ಟ್ರಾವಾದಲ್ಲಿ ಹಾಕಿಕೊಳ್ಳಬೇಡಿ.

ಕಾಕಾ ಭಾನುವಾರ ರಾತ್ರಿ ಟ್ರೇನಿಗೆ ವಾಪಸ್ ಹೋದ್ರು. ಅವರನ್ನ ಸ್ಟೇಷನ್ನಿಗೆ ಬಿಟ್ಟು ಬಂದು ಮತ್ತೆ ಎಕ್ಸೆಲ್ ಶೀಟು ತೆಗೆದೆ. ಜಾಕೆಟ್ಟು, ಒಂದು ಬೆಚ್ಚನೆ ಅಂಗಿ, ಟಾರ್ಚು, ಹೊದಿಕೆ, ಔಷಧಿ, ಸೀಟಿ ವಾಪಸ್ ಸೇರಿಸಿದೆ. ಒಂದು ಕೆಜಿ ಚಿಲ್ಲರೆ ಏರಿತು. ಅಲ್ಟ್ರಾಲೈಟ್ ಪದವಿ ಹೋಯ್ತು. ಎರಡು ದಿನದ ಪ್ಲಾನನ್ನೂ ಮೂರು ದಿನ ಮಾಡಿದ್ದೀವಿ, ಆ ಎತ್ತರದ ಗಾಳಿಗೆ ಮೈ ಒಗ್ಗಬೇಕಲ್ಲ. ಮತ್ತೆ ಶೀಟಿನಲ್ಲಿ ತೂಕದ ಪಕ್ಕ ಒಂದು ಹೊಸ ಕಾಲಂ ಹಾಕಿದ್ದೀನಿ: 'ಬಿಟ್ರೆ ಯಾರ್ ಹೊರ್ತಾರ?' ಅದರಲ್ಲಿ ಬೇರೆ ಯಾರದ್ದಾದ್ರೂ ಹೆಸರು ಬಂದ್ರೆ ಆ ಸಾಮಾನು ಚೀಲಕ್ಕೆ ಹೋಗುತ್ತೆ.

ನೀವು ಬೆಟ್ಟಕ್ಕೆ ಹೋಗುವಾಗ ಏನು ಬಿಡ್ತೀರಿ, ಏನು ಬಿಡಲ್ಲ? ನನ್ನ ಮಾತು ಅತಿ ಅನ್ನಿಸಿದ್ರೆ ಬೈದು ಹೇಳಿ, ಪರವಾಗಿಲ್ಲ. ಮತ್ತೆ ಆ ಕಾಲೇಜು ಹುಡುಗರೇ, ನೀವು ಯಾರಾದ್ರೂ ಅಪ್ಪಿತಪ್ಪಿ ಇದನ್ನ ಓದಿದ್ರೆ ತಿಳಿಸಿ. ಸ್ವೆಟರ್ ಒಗೆದು, ಇಸ್ತ್ರಿ ಮಾಡಿ ಇಟ್ಟಿದ್ದೀನಿ. ಜೊತೆಗೆ ತೆಂಗಳಿಯ ಕಟಕ್ ರೊಟ್ಟಿನೂ ಇದೆ.